ಮಳೆಗಾಲದಲ್ಲಿ ಸೋಪು ಮಾಡುವಾಗ ನಾನು ನೋಡಿಕೊಳ್ಳುವುದು

ಮನೆಯಲ್ಲಿ ಮಾಡಿದ ಸೋಪು ಕೆಟ್ಟರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ರೆಸಿಪಿ ಮೇಲೆ. ನಾನು ಮೊದಲು ಹವೆ ನೋಡುತ್ತೇನೆ. ನಮ್ಮ ಮೂಡಿಗೆರೆ ಕಡೆ ಜುಲೈನಲ್ಲಿ ಸೋಪು ಮಾಡಿದರೆ ಅರ್ಧ ತಾಪತ್ರಯ ಮಳೆಯದ್ದೇ.

ನನ್ನ ಲೆಕ್ಕ ಸರಳ. ಅರಸೀಕೆರೆ ಕಡೆಯ ಕೊಬ್ಬರಿ ಎಣ್ಣೆ 1 ಕೆಜಿ. ಅಷ್ಟೂ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಆದರೆ ಬರೀ ಕೊಬ್ಬರಿ ಎಣ್ಣೆ ಸೋಪು ಚರ್ಮ ಒಣಗಿಸುತ್ತದೆ. ಅದಕ್ಕೇ ಶೇ 20ರಷ್ಟು ಎಣ್ಣೆ ಉಳಿಯಲಿ ಅಂತ 146 ಗ್ರಾಂ ಮಾತ್ರ ಹಾಕುತ್ತೇನೆ. ನೀರು 290 ಗ್ರಾಂ. ಎಲ್ಲವನ್ನೂ ತೂಗಿಯೇ ಹಾಕಬೇಕು, ಲೋಟದ ಅಳತೆ ನಡೆಯಲ್ಲ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾ ಮೇಲೆ ಸುರಿದರೆ ಸಿಡಿಯುತ್ತದೆ. ಕನ್ನಡಕ, ಗ್ಲೌಸ್ ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆ ಅದಕ್ಕಿಂತ ತಣ್ಣಗಿರುತ್ತದೆ. ತಣ್ಣಗಿನ ಎಣ್ಣೆಗೆ ಸೋಡಾ ನೀರು ಹಾಕಿ ತಿರುಗಿಸಿದರೆ ಬೇಗ ಗಟ್ಟಿಯಾಗುತ್ತದೆ. ಸೋಪು ಕೂಡಿತು ಅಂದುಕೊಂಡು ಅಚ್ಚಿಗೆ ಸುರಿದರೆ ಮುಗೀತು, ಮೇಲೆ ಎಣ್ಣೆ, ಕೆಳಗೆ ನೀರು. ಅಲ್ಲಿ ಗಟ್ಟಿಯಾಗಿದ್ದು ಬರೀ ಎಣ್ಣೆ, ಸೋಪಲ್ಲ. ಎಣ್ಣೆ, ಸೋಡಾ ನೀರು ಎರಡನ್ನೂ 38–40 ಡಿಗ್ರಿಗೆ ತಂದುಕೊಂಡು ಶುರು ಮಾಡಿದರೆ ಈ ತೊಂದರೆ ಇಲ್ಲ. ಬೇರ್ಪಟ್ಟಿದ್ದರೂ ಎಸೆಯಬೇಡಿ. ಸ್ಟೀಲ್ ಪಾತ್ರೆಗೆ ಹಾಕಿ, ಬಿಸಿನೀರಿನಲ್ಲಿಟ್ಟು, ಮತ್ತೆ ಬ್ಲೆಂಡರ್ ಆಡಿಸಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಕತ್ತರಿಸುವಾಗ ಪುಡಿಪುಡಿ ಆದರೆ ಸೋಡಾ ಜಾಸ್ತಿ ಆಯ್ತು ಅಂತ ಗಾಬರಿ ಬೀಳುತ್ತಾರೆ. ಬರೀ ಕೊಬ್ಬರಿ ಎಣ್ಣೆ ಸೋಪು ಬಲು ಬೇಗ ಗಟ್ಟಿಯಾಗುತ್ತದೆ. ಮರುದಿನದವರೆಗೆ ಬಿಟ್ಟರೆ ಚಾಕು ಇಟ್ಟ ಕಡೆ ಒಡೆಯುತ್ತದೆ. ನಾನು ಸಂಜೆಯೊಳಗೆ, ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ, ಗ್ಲೌಸ್ ಹಾಕಿ ಕತ್ತರಿಸಿಬಿಡುತ್ತೇನೆ. ನಿಜಕ್ಕೂ ಸೋಡಾ ಜಾಸ್ತಿಯೋ ಅಂತ ನೋಡಲು ಕೆಲವು ದಿನ ಕಾಯಬೇಕು. ಆಮೇಲೆ ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ ನಾಲಿಗೆ ತುದಿಗೆ ಮುಟ್ಟಿಸಿ. ಕರೆಂಟ್ ಹೊಡೆದ ಹಾಗೆ ಚುರ್ರೆಂದರೆ ಮೈಗೆ ಬೇಡ. ಮೇಲ್ಗಡೆ ಮಾತ್ರ ಬಿಳಿ ಹುಡಿ ಕೂತಿದ್ದರೆ ಅದು ಗಾಳಿ ತಾಗಿ ಆಗುವ ಸೋಡಾ ಬೂದಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ಬೆವರು. ಸೋಪಿನೊಳಗೇ ಹುಟ್ಟುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಮೇಲೆ ಹನಿಗಟ್ಟುತ್ತದೆ. ಹಾಳಾಗಿದ್ದಲ್ಲ, ಆದರೆ ಒಣಗುವುದು ನಿಧಾನ. ಬೇಸಿಗೆಯಲ್ಲಿ ನಾಲ್ಕು ವಾರಕ್ಕೆ ಆಗುವುದು ಈಗ ಆರು ವಾರ ದಾಟಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಬೇಗ ಒಣಗುತ್ತದೆ ನಿಜ, ಆದರೆ ಸ್ನಾನ ಮಾಡಿ ಬಂದವರು ಹೊಗೆ ವಾಸನೆ ಹೊಡೆಯುತ್ತಾರೆ! ನಾನು ಬಿದಿರಿನ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿ ಫ್ಯಾನ್ ಕೆಳಗೆ ಇಡುತ್ತೇನೆ.

ತೇವದ ಕಾಟ ಡಬ್ಬಿಯೊಳಗಿನ ಸೋಡಾಕ್ಕೂ ಇದೆ. ನೀರು ಕುಡಿದ ಸೋಡಾ 146 ಗ್ರಾಂ ತೂಗಿದರೂ ಅಷ್ಟು ಕೆಲಸ ಮಾಡಲ್ಲ, ಸೋಪು ಜಿಡ್ಡುಜಿಡ್ಡಾಗಿ ಉಳಿಯುತ್ತದೆ. ಹರಳು ಉದುರುದುರಾಗಿಲ್ಲದೆ ಅಂಟಿಕೊಂಡಿದ್ದರೆ ಸೋಪಿಗೆ ಬಳಸುವುದಿಲ್ಲ. ಮಳೆಗಾಲಕ್ಕೆ ಸಣ್ಣ ಪ್ಯಾಕೆಟ್ಟೇ ತರುತ್ತೇನೆ, ಒಂದು ಸಲಕ್ಕೆ ಒಂದು ಮುಗಿಯುವಂಥದ್ದು.