ಮನೆ ಹರಾಜಿಗೆ ಬರುವ ಮುಂಚೆ ಏನು ಮಾಡಬಹುದು

ಮನೆ ಸಾಲದ ಕಂತು ತಪ್ಪಿದ ಕೂಡಲೇ ನಮ್ಮಲ್ಲಿ ತುಂಬಾ ಜನ ಬ್ಯಾಂಕಿನ ಫೋನ್ ಎತ್ತುವುದನ್ನೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಮ್ಯಾನೇಜರ್ ಮನಸ್ಸು ಮಾಡಿದರೂ ದಾರಿಗಳು ಕಡಿಮೆ.

ಅಷ್ಟರೊಳಗೆ ಬ್ರಾಂಚಿಗೆ ಹೋಗಿ. ಕೆಲಸ ಹೋದ ಪತ್ರ, ಆಸ್ಪತ್ರೆ ಬಿಲ್ಲು, ಏನಿದೆಯೋ ಅದನ್ನು ಹಿಡಿದುಕೊಂಡು ಹೋಗಿ, ಅವಧಿ ಜಾಸ್ತಿ ಮಾಡಿ ಕಂತು ಇಳಿಸಿಕೊಡಿ ಅಥವಾ ಕೆಲವು ತಿಂಗಳು ಬರೀ ಬಡ್ಡಿ ಕಟ್ಟಿಸಿಕೊಳ್ಳಿ ಎಂದು ಅರ್ಜಿ ಬರೆದು ಕೊಡಿ. ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಬ್ಯಾಂಕ್ ಒಪ್ಪಲೇಬೇಕು ಅಂತೇನಿಲ್ಲ, ಒಪ್ಪಿದರೂ ಅದು ಸಿಬಿಲ್‌ನಲ್ಲಿ (ನಿಮ್ಮ ಸಾಲದ ದಾಖಲೆಯಲ್ಲಿ) ಕಾಣುತ್ತದೆ, ಆದರೆ ಮನೆ ಉಳಿಯುತ್ತದೆ ಅಲ್ವಾ. ಕಂತು ಕಟ್ಟಲು ಮೀಟರ್ ಬಡ್ಡಿಗೆ ಸಾಲ ಮಾತ್ರ ಬೇಡವೇ ಬೇಡ.

ಇನ್ನು ಕಟ್ಟಲು ಆಗುವುದೇ ಇಲ್ಲ ಅನ್ನಿಸಿದರೆ ನೀವೇ ಮಾರಿ. ಹೇಳಲು ನನಗೂ ಕಷ್ಟ, ಆದರೆ ನೀವು ಮಾರಿದರೆ ಬೆಲೆ ಕೂತು ಮಾತಾಡಬಹುದು, ಹರಾಜಿನಲ್ಲಿ ಕನಿಷ್ಠ ಬೆಲೆ ಇಡುವುದೇ ಬ್ಯಾಂಕು. ಎಷ್ಟು ಸಾಲ ಬಾಕಿ, ಯಾವ ಯಾವ ಪತ್ರ ಬ್ಯಾಂಕಿನಲ್ಲಿವೆ ಎಂದು ಬರೆಸಿಕೊಂಡು ಬನ್ನಿ, ಕೊಳ್ಳುವವರಿಗೆ ಅದನ್ನು ಮೊದಲೇ ತೋರಿಸಿ. ಅವರೂ ಸಾಲ ಮಾಡುವವರಾದರೆ ಅವರ ಬ್ಯಾಂಕು ಬಾಕಿ ಹಣವನ್ನು ನೇರವಾಗಿ ನಿಮ್ಮ ಬ್ಯಾಂಕಿಗೇ ಕಟ್ಟುತ್ತದೆ, ಮಿಕ್ಕಿದ್ದು ನಿಮಗೆ. ತಡ ಮಾಡಬೇಡಿ. ಕೋರ್ಟಿಗೆ ಹೋಗದೆಯೇ ಅಡಮಾನದ ಮನೆಯನ್ನು ವಶಕ್ಕೆ ತೆಗೆದುಕೊಂಡು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ.

ನೋಟಿಸ್ ಬಂದೇಬಿಟ್ಟಿದೆಯಾ? ಬಾಕಿ ಕಟ್ಟಲು 60 ದಿನ ಇರುತ್ತದೆ. ಲೆಕ್ಕ ತಪ್ಪಿದ್ದರೆ ಆಕ್ಷೇಪಣೆ ಬರೆದು ಕೊಡಿ, 15 ದಿನದಲ್ಲಿ ಬ್ಯಾಂಕು ಉತ್ತರ ಕೊಡಬೇಕು. ಒನ್ ಟೈಮ್ ಸೆಟಲ್‌ಮೆಂಟ್ (ಒಂದೇ ಸಲಕ್ಕೆ ಕಟ್ಟಿ ಸಾಲ ಮುಗಿಸುವುದು) ಕೂಡ ಕೇಳಿ ನೋಡಬಹುದು, ಒಪ್ಪಿದರೆ ಸ್ವಲ್ಪ ಹಣ ಬಿಡುತ್ತಾರೆ, ಆದರೆ ಸಿಬಿಲ್‌ನಲ್ಲಿ 'ಸೆಟಲ್ಡ್' ಎಂದು ಬಿದ್ದರೆ ಮುಂದೆ ಸಾಲ ಸಿಗುವುದು ಕಷ್ಟ. ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡರೆ 45 ದಿನದೊಳಗೆ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿಗೆ) ಹೋಗಬಹುದು, ಬೆಂಗಳೂರಿನಲ್ಲಿದೆ. ವಕೀಲರನ್ನು ಕೊನೆಯ ವಾರಕ್ಕೆ ಹುಡುಕಬೇಡಿ.

ಹರಾಜಿನ ಪ್ರಕಟಣೆ ಹೊರಬೀಳುವ ಮುಂಚೆ ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿದರೆ ಮನೆ ನಿಮ್ಮದೇ. ಹರಾಜು ಆಗಿಯೇ ಹೋದರೂ, ಸಾಲ, ಖರ್ಚು ಕಳೆದು ಮಿಕ್ಕ ಹಣ ನಿಮಗೆ ಸೇರಬೇಕು. ಸುಮ್ನೆ ಕೂರದೆ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ.