ಬರೀ 6.5 ಅಂತ ಬಿಟ್ಟುಬಿಡೋಣ ಅಂದುಕೊಂಡಿದ್ದೆ

2019ರ ನವೆಂಬರ್ 12. ಇಂಟೆಲ್‌ನಿಂದ ಒಂದು ರಾಶಿ ಸೆಕ್ಯುರಿಟಿ ನೋಟಿಸ್ ಬಂದಿತ್ತು, ಎಲ್ಲರ ಬಾಯಲ್ಲೂ ಟಿಎಎ, ಅಂದರೆ ಪ್ರೊಸೆಸರ್ ಒಳಗಿನ ಡೇಟಾ ಹೊರಗೆ ಸೋರೋ ಒಂದು ದೋಷ. ಡೇಟಾ ಸೋರುತ್ತೆ ಅಂದರೆ ಮ್ಯಾನೇಜರ್‌ಗಳಿಗೂ ನಿದ್ದೆ ಬರಲ್ಲ. ಅದೇ ದಿನ ಅದರ ನೆರಳಲ್ಲಿ ಇನ್ನೊಂದು ದೋಷದ ನೋಟಿಸ್ ಬಂದಿತ್ತು, ನಂಬರ್ ಸಿವಿಇ-2018-12207. ಅಪಾಯದ ಸ್ಕೋರ್ ಹತ್ತಕ್ಕೆ 6.5, ಮೀಡಿಯಂ. ಏನೂ ಸೋರಲ್ಲ, ಹೋಸ್ಟ್ (ಹಲವು ವಿಎಂಗಳನ್ನು, ಅಂದರೆ ವರ್ಚುವಲ್ ಮಷೀನ್‌ಗಳನ್ನು, ಹೊತ್ತಿರೋ ಅಸಲಿ ಸರ್ವರ್) ಹ್ಯಾಂಗ್ ಆಗುತ್ತೆ, ಅಷ್ಟೇ.

"ಸರ್, ಬರೀ ಡಿಒಎಸ್, ಸರ್ವಿಸ್ ನಿಲ್ಲುತ್ತೆ ಅಷ್ಟೇ. ಮುಂದಿನ ತಿಂಗಳ ಪ್ಯಾಚ್‌ಗೆ ಸೇರಿಸೋಣ್ವಾ?" ಅಂದ ನಮ್ಮ ಹುಡುಗ. ನಾನೂ ಹೂಂ ಅನ್ನೋನಿದ್ದೆ, ಆದರೆ ಕೆಲವು ತಿಂಗಳ ಹಿಂದಿನ ಒಂದು ರಾತ್ರಿ ನೆನಪಾಯಿತು.

ಆಗ ನಮ್ಮ ಎಲ್ಲಾ ವಿಎಂ ಡಿಸ್ಕ್‌ಗಳೂ ಒಂದೇ ಎನ್‌ಎಫ್‌ಎಸ್ ಶೇರ್ (ನೆಟ್‌ವರ್ಕ್ ಮೇಲಿನ ಹಂಚಿಕೆಯ ಡಿಸ್ಕ್) ಮೇಲೆ ಇದ್ದವು. ಬರೆದಷ್ಟೂ ಬೆಳೆಯೋ ಕ್ಯೂಕೌ2 ಫೈಲ್‌ಗಳು, ಇರೋ ಜಾಗಕ್ಕಿಂತ ಜಾಸ್ತಿ ಹಂಚಿಬಿಟ್ಟಿದ್ದೆ. ಟ್ರೈನಿಂಗ್‌ಗೆ ಬಂದಿದ್ದ ಒಬ್ಬ ತನ್ನ ವಿಎಂನಲ್ಲಿ ಸುಮ್ನೆ ಒಂದು ಲೂಪ್ ಹಾಕಿ ಫೈಲ್ ಬರೆಯುತ್ತಾ ಹೋದ. ಶೇರ್ ತುಂಬಿತು. ಜಾಗ ಸಿಗದಿದ್ದರೆ, ವಿಎಂ ಓಡಿಸೋ ಸಾಫ್ಟ್‌ವೇರ್ ಕ್ಯೂಎಮು ಆ ವಿಎಂ ಅನ್ನು ನಿಲ್ಲಿಸಿಬಿಡುತ್ತೆ, ಅದು ಒಳ್ಳೆಯದೇ. ಆದರೆ ಹೊಸ ಜಾಗ ಕೇಳಿದ ಎಲ್ಲಾ ವಿಎಂಗಳಿಗೂ ಅದೇ ಗತಿ. ವಿಎಂಗಳ ಪಟ್ಟಿ ತೋರಿಸೋ ವರ್ಷ್ ಲಿಸ್ಟ್ ಕಮಾಂಡ್ ಕೊಟ್ಟರೆ ಸಾಲಾಗಿ ಪಾಜ್ಡ್, ಪಾಜ್ಡ್, ಪಾಜ್ಡ್. ಮೊಸರನ್ನದ ತಟ್ಟೆ ಅಲ್ಲೇ ಬಿಟ್ಟು ಎದ್ದಿದ್ದೆ. ಅದು ಬಗ್ ಅಲ್ಲ, ನನ್ನದೇ ತಪ್ಪು. ಆದರೆ ಒಬ್ಬನ ಕೈಯಿಂದ ಉಳಿದವರೆಲ್ಲ ಮಲಗೋದು ಅಂದರೆ ಏನು ಅಂತ ಅವತ್ತು ಗೊತ್ತಾಗಿತ್ತು. ಸ್ಕೋರ್ ಲೆಕ್ಕದಲ್ಲಿ ಒಂದು ಹೋಸ್ಟ್ ಮೇಲೆ ಎಷ್ಟು ಜನರ ಕೆಲಸ ಕೂತಿದೆ ಅನ್ನೋದು ಬರಲ್ಲ ಅಲ್ವಾ.

ಸರಿ, ಬಗ್ ಏನು ಅಂತ ಕೂತು ಓದಿದೆ. ಬೆಂಗಳೂರಿನ ಹಳೇ ಏರಿಯಾಗಳಲ್ಲಿ ಗೇಟಿನ ಮೇಲೆ ಹಳೇ ನಂಬರ್, ಹೊಸ ನಂಬರ್ ಎರಡೂ ಬರೆದಿರುತ್ತಾರಲ್ಲ, ಪೋಸ್ಟ್‌ಮ್ಯಾನ್ ಹೇಗೋ ಮನೆ ಹುಡುಕಿಕೊಳ್ಳುತ್ತಾನೆ. ಪ್ರೊಸೆಸರ್‌ಗೆ ಆ ಜಾಣತನ ಇಲ್ಲ. ಗೆಸ್ಟ್‌ನ (ಅಂದರೆ ವಿಎಂನ) ಕರ್ನಲ್ ಒಂದೇ ವಿಳಾಸದ ಪೇಜ್, ಅಂದರೆ ಮೆಮೊರಿ ತುಂಡಿನ, ಸೈಜನ್ನು 4 ಕೆಬಿಯಿಂದ 2 ಎಂಬಿಗೆ ಬದಲಿಸಿ ಹಳೆಯದನ್ನು ಫ್ಲಶ್ ಮಾಡದೆ (ಅಳಿಸದೆ) ಬಿಟ್ಟರೆ, ಕೋಡ್‌ನ ವಿಳಾಸಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳೋ ಇನ್‌ಸ್ಟ್ರಕ್ಷನ್ ಟಿಎಲ್‌ಬಿಯಲ್ಲಿ (ಐಟಿಎಲ್‌ಬಿ) ಎರಡೂ ನಮೂದು ಉಳಿದುಬಿಡಬಹುದು. ಅಲ್ಲಿಂದ ಕೋಡ್ ಓಡಿಸಲು ಹೋದರೆ ಮಷೀನ್ ಚೆಕ್ ಎರರ್ (ಪ್ರೊಸೆಸರ್‌ನದೇ ಹಾರ್ಡ್‌ವೇರ್ ದೋಷದ ಕೂಗು), ಇಡೀ ಹೋಸ್ಟ್ ಹ್ಯಾಂಗ್. ಇದಕ್ಕೆ ಬೇಕಾಗಿದ್ದು ಗೆಸ್ಟ್‌ನೊಳಗೆ ರೂಟ್, ಅಂದರೆ ಪೂರ್ತಿ ಅಧಿಕಾರ, ಅಷ್ಟೇ. ನಾವು ಟ್ರೈನಿಂಗ್‌ಗೆ ಬಂದವರಿಗೆಲ್ಲ ಅದನ್ನೇ ಪ್ರಸಾದದ ಹಾಗೆ ಹಂಚುತ್ತಿದ್ದೆವು!

ಇದಕ್ಕೆ ಪ್ರೊಸೆಸರ್ ಒಳಗಿನ ಮೈಕ್ರೋಕೋಡ್ ತಿದ್ದೋ ಔಷಧಿ ಬರಲಿಲ್ಲ, ವಿಎಂಗಳನ್ನು ನಡೆಸೋ ಹೈಪರ್‌ವೈಸರ್ರೇ ನೋಡಿಕೊಳ್ಳಬೇಕು. ಲಿನಕ್ಸ್‌ನ ಹೈಪರ್‌ವೈಸರ್ ಕೆವಿಎಂ ಮಾಡಿದ್ದು ಇಷ್ಟು: ದೊಡ್ಡ ಪೇಜ್‌ಗಳಿಂದ ಕೋಡ್ ಓಡಿಸುವ ಅನುಮತಿಯನ್ನೇ ತೆಗೆದುಹಾಕಿತು. ಗೆಸ್ಟ್ ಅಲ್ಲಿಂದ ಓಡಿಸಲು ಹೋದರೆ ಆ ಪೇಜನ್ನು 4 ಕೆಬಿ ಚೂರುಗಳಾಗಿ ಒಡೆದು, ಆಮೇಲೆ ಬಿಡುತ್ತೆ.

ನಮ್ಮಲ್ಲಿ ಮೂರು ಇಂಟೆಲ್ ಹೋಸ್ಟ್, ಒಂದು ಎಎಂಡಿ. ಎಎಂಡಿಗೆ ಈ ಕಾಯಿಲೆ ಇಲ್ಲ, ಖಾಲಿಯೂ ಇತ್ತು, ಎಲ್ಲವನ್ನೂ ಅಲ್ಲಿಗೆ ಸಾಗಿಸಿಬಿಡೋಣ ಅಂದ ಹುಡುಗ. ಇಂಟೆಲ್‌ನಿಂದ ಎಎಂಡಿಗೆ ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆಯೇ ಸಾಗಿಸೋ (ಲೈವ್ ಮೈಗ್ರೇಟ್) ಸಾಹಸಕ್ಕೆ ನಾನು ಕೈ ಹಾಕಲ್ಲ. ಇಂಟೆಲ್ ಒಂದರ ವಿಎಂಗಳನ್ನು ಉಳಿದ ಇಂಟೆಲ್‌ಗಳಿಗೆ ಲೈವ್ ಆಗಿ ಸಾಗಿಸಿ ಖಾಲಿ ಮಾಡಿ, ಹೊಸ ಕರ್ನಲ್ ಹಾಕಿ, ರೀಬೂಟ್ ಮಾಡಿ, ಮುಂದಿನದು. ಚಿಕ್ಕ ವಿಎಂಗಳು ಹೋಗಿದ್ದೇ ಗೊತ್ತಾಗಲಿಲ್ಲ.

ಸತಾಯಿಸಿದ್ದು ಡೇಟಾಬೇಸ್ ವಿಎಂ. ಲೈವ್ ಆಗಿ ಸಾಗಿಸೋದು ಅಂದರೆ ಮೆಮೊರಿಯನ್ನೆಲ್ಲ ನೆಟ್‌ವರ್ಕ್ ಮೇಲೆ ನಕಲು ಮಾಡೋದು. ಅದರ ಮೆಮೊರಿ 64 ಜಿಬಿ, ನಮ್ಮ ಲೈನ್ 1 ಗಿಗಾಬಿಟ್. ಸೆಕೆಂಡಿಗೆ 110 ಎಂಬಿ ಅಂತ ಹಿಡಿದರೂ ಒಂದು ಸುತ್ತಿಗೇ ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಡೇಟಾಬೇಸ್ ಅರ್ಧ ಮೆಮೊರಿಯನ್ನು ಮತ್ತೆ ತಿದ್ದಿ ಕೂತಿರುತ್ತೆ, ಮತ್ತೆ ಅದನ್ನು ಕಳಿಸು, ಅಷ್ಟರಲ್ಲಿ ಇನ್ನಷ್ಟು. ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ಕೊನೆಗೆ ಆಟೋ-ಕನ್ವರ್ಜ್ ಹಾಕಿದೆ. ಅದು, ಮೆಮೊರಿ ತಿದ್ದೋದು ನಿಧಾನವಾಗಲಿ ಅಂತ, ವಿಎಂನ ಸಿಪಿಯು ವೇಗವನ್ನೇ ಹಂತಹಂತವಾಗಿ ತಗ್ಗಿಸುತ್ತೆ. ರಾತ್ರಿ ಎರಡು ಗಂಟೆಗೆ ಯಾರೂ ಬೈಯಲಿಲ್ಲ, ಹಗಲಲ್ಲಿ ಮಾಡಬೇಡಿ.

ರೀಬೂಟ್ ಆದ ಮೇಲೆ, ಕರ್ನಲ್ ತನ್ನ ಸ್ಥಿತಿ ತೋರಿಸೋ ಸಿಸ್‌ಎಫ್‌ಎಸ್‌ನ ವಲ್ನರಬಿಲಿಟೀಸ್ ಫೋಲ್ಡರ್‌ನಲ್ಲಿ, ಈ ಬಗ್‌ನದೇ ಹೆಸರಿನ ಐಟಿಎಲ್‌ಬಿ ಮಲ್ಟಿಹಿಟ್ ಅನ್ನೋ ಫೈಲ್ ತೆಗೆದು ನೋಡಿ. "ಕೆವಿಎಂ: ಮಿಟಿಗೇಶನ್: ಸ್ಪ್ಲಿಟ್ ಹ್ಯೂಜ್ ಪೇಜಸ್" ಅಂತ ಬಂದರೆ ಸರಿ. ನಮ್ಮದೊಂದು ಹೋಸ್ಟ್‌ನಲ್ಲಿ ಇನ್ನೂ "ವಲ್ನರಬಲ್" ಅಂತಲೇ ಇತ್ತು. ನೋಡಿದರೆ ಈ ರಕ್ಷಣೆಯನ್ನು ಆನ್-ಆಫ್ ಮಾಡೋ ಎನ್‌ಎಕ್ಸ್ ಹ್ಯೂಜ್ ಪೇಜಸ್ ಪ್ಯಾರಾಮೀಟರನ್ನು ಸ್ಪೀಡ್ ಆಸೆಗೆ ಯಾರೋ ಆಫ್ ಮಾಡಿದ್ದರು. ಯಾರೋ ಏನು ಬಂತು, ಒಂದು ಸಂಜೆ ಟೆಸ್ಟ್ ಮಾಡಲು ಹೋಗಿ ನಾನೇ ಬರೆದಿಟ್ಟು ಮರೆತಿದ್ದೆ. ನಂಬಿಕಸ್ತರ ವಿಎಂ ಮಾತ್ರ ಇರೋ ಹೋಸ್ಟ್‌ನಲ್ಲಿ ಆಫ್ ಇರಲಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ನಂಬಿಕಸ್ತರ ವೆಬ್‌ಸೈಟೂ ಹ್ಯಾಕ್ ಆಗುತ್ತೆ, ಒಳಗೆ ಬಂದವನಿಗೂ ರೂಟ್ ಸಿಗಬಹುದು.

ವಾರದ ನಂತರ ಡೇಟಾಬೇಸ್‌ನವರು, ಆಗಾಗ ಒಂದು ಕ್ಷಣ ತಡವರಿಸುತ್ತೆ ಅಂದರು. ನನಗೆ ಅನುಮಾನ ಬಂದಿದ್ದು ಕೆವಿಎಂನ ರಿಕವರಿ ಥ್ರೆಡ್ ಮೇಲೆ. ಒಡೆದ ಪೇಜ್‌ಗಳನ್ನು ಮತ್ತೆ ದೊಡ್ಡದು ಮಾಡಲು ಅದು ನಿಮಿಷಕ್ಕೊಮ್ಮೆ ಏಳುತ್ತೆ, ಒಂದು ಸಲಕ್ಕೆ 60ರಲ್ಲಿ ಒಂದು ಪಾಲು. ಆ ಹೋಸ್ಟ್‌ನಲ್ಲಿ ಮಾತ್ರ ಆ ಪಾಲಿನ ರೇಶಿಯೋ 0 ಮಾಡಿ ಅದನ್ನು ಮಲಗಿಸಿದೆ, ದೂರು ನಿಂತಿತು. ಅಷ್ಟರಲ್ಲಿ ಹುಡುಗ ಟ್ರೈನಿಂಗ್ ವಿಎಂಗಳನ್ನೆಲ್ಲ ಒಂದೊಂದಾಗಿ ಶಟ್‌ಡೌನ್ ಮಾಡಿ, ನಾನು ಹೇಳದೆಯೇ, ಎಎಂಡಿ ಮೇಲೆ ತಂದು ಎಬ್ಬಿಸಿದ್ದ.