ರೋಗಿಗಳೇ ಸೇರಿ ಲೆಕ್ಕ ಇಡೋದು ಹೇಗೆ?

ನನಗಿರುವುದು ರುಮಟಾಯ್ಡ್ ಸಂಧಿವಾತ. ಡಾಕ್ಟರ್ "ಹೇಗಿದ್ದೀರಿ?" ಅಂದಾಗಲೆಲ್ಲ "ಪರವಾಗಿಲ್ಲ" ಅನ್ನುತ್ತಿದ್ದೆ. ಆ "ಪರವಾಗಿಲ್ಲ"ದಿಂದ ಅವರಿಗೂ ಉಪಯೋಗವಿಲ್ಲ, ನನಗೂ ಇಲ್ಲ. ಈಗ ಇದೇ ಕಾಯಿಲೆಯ ಕೆಲವರು ಸೇರಿ ಕೀಲುಗಳ ಬಿಗಿತ, ಸುಸ್ತು ಇವುಗಳ ಲೆಕ್ಕ ಇಡುತ್ತೇವೆ. ನೀವೂ ಶುರು ಮಾಡುವುದಾದರೆ ಹೀಗೆ ಮಾಡಿ.

ಪ್ರಶ್ನೆ ಸಣ್ಣದಿರಲಿ. "ನೋವು ಯಾಕೆ ಬರುತ್ತೆ?" ಅಂತ ಹೊರಟರೆ ಜನ್ಮವಿಡೀ ಬರೆದರೂ ಮುಗಿಯುವುದಿಲ್ಲ. "ಸಂಜೆ ಅರ್ಧ ಗಂಟೆ ನಡೆದರೆ ಮರುದಿನ ಬೆಳಗಿನ ಬಿಗಿತ ಕಡಿಮೆಯಾಗುತ್ತಾ?" ಇಷ್ಟು ಸಾಕು.

ಜಾಸ್ತಿ ಜಗಳ ಆಗೋದು ಅಳತೆಯಲ್ಲಿ. ಒಬ್ಬರಿಗೆ ವಿಪರೀತ ಅನ್ನಿಸುವ ನೋವು ಇನ್ನೊಬ್ಬರಿಗೆ ಮಾಮೂಲು. ಅದಕ್ಕೇ ನಾವು ಗಡಿಯಾರ ಹಿಡಿದೆವು. ಎಚ್ಚರವಾದ ಹೊತ್ತು ಬರೆಯಬೇಕು. ಹಾಸಿಗೆಯ ಅಂಚಿನಲ್ಲಿ ಕೂತು ಬಲಗೈ ಮುಷ್ಟಿ ಕಟ್ಟಿ ನೋಡಬೇಕು. ಬೆರಳ ತುದಿಗಳೆಲ್ಲ ಅಂಗೈಗೆ ತಾಗಿದ ಹೊತ್ತನ್ನೂ ಬರೆಯಬೇಕು. ನಡುವಿನ ನಿಮಿಷಗಳೇ ಅವತ್ತಿನ ಬಿಗಿತ. ಸುಸ್ತಿಗೆ 0ಯಿಂದ 10ರೊಳಗೆ ಒಂದು ಅಂಕಿ. ಸುಸ್ತನ್ನು ಬಿಡಲೇಬೇಡಿ. ಸಂಧಿವಾತದಲ್ಲಿ ಏನನ್ನು ಅಳೆಯಬೇಕು ಅಂತ ಚರ್ಚಿಸುವ ಓಮರಾಕ್ಟ್ ಗುಂಪು 2002ರಲ್ಲಿ ರೋಗಿಗಳನ್ನೂ ಸಭೆಗೆ ಕರೆಯಿತು. ಸುಸ್ತಿನ ಮಾತು ಎತ್ತಿದವರು ಅವರೇ. ಆಮೇಲೆ ಅದು ಸಂಶೋಧಕರ ಪಟ್ಟಿಗೂ ಸೇರಿತು.

ಒಂದು ದಿನ ತಪ್ಪಿದರೆ ಖಾಲಿ ಬಿಡಿ. ನೆನಪಿನಿಂದ ತುಂಬಬೇಡಿ.

ನಡಿಗೆ ಶುರು ಮಾಡುವ ಮೊದಲು 2 ವಾರ ಸುಮ್ನೆ ಬರೆಯಿರಿ. ನಾವು ಹೊಸ ಉಪಾಯ ಹುಡುಕೋದು ನೋವು ತಡೆಯೋಕಾಗದೆ ಇದ್ದಾಗ, ಅಲ್ವಾ? ಈ ಕಾಯಿಲೆ ಏರುತ್ತೆ, ಇಳಿಯುತ್ತೆ. ತಾನಾಗೇ ಇಳಿದರೂ ಹೆಸರು ಮಾತ್ರ ಆಗ ಹಚ್ಚಿದ ಹೊಸ ಎಣ್ಣೆಗೆ! ಆಮೇಲೆ 2 ವಾರ ನಡಿಗೆ, 2 ವಾರ ಬಿಡುವು, ಮತ್ತೆ ಹಾಗೇ ಇನ್ನೊಂದು ಸುತ್ತು. ಯಾರು ನಡಿಗೆಯಿಂದ, ಯಾರು ಬಿಡುವಿನಿಂದ ಶುರು ಮಾಡಬೇಕು ಅನ್ನೋದನ್ನು ನಾಣ್ಯ ಚಿಮ್ಮಿ ಗೊತ್ತುಮಾಡಿ.

ಡಾಕ್ಟರ್ ಬರೆದ ಮಾತ್ರೆಯನ್ನು ಮಾತ್ರ ಈ ಪರೀಕ್ಷೆಗೆ ಎಳೆಯಬೇಡಿ. ಮೆಥೋಟ್ರೆಕ್ಸೇಟ್‌ನಂಥ ಔಷಧಿಯ ಗುಣ ಕಾಣೋಕೇ ವಾರಗಟ್ಟಲೆ ಬೇಕು. ನಡುವೆ ನಿಲ್ಲಿಸಿದರೆ ಕಾಯಿಲೆ ಕೆರಳಬಹುದು. ಡಾಕ್ಟರೇ ಡೋಸ್ ಬದಲಿಸಿದರೆ ಆ ತಾರೀಖನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ.

ಕೊನೆಗೆ "ನಡೆದರೂ ಏನೂ ಆಗಲಿಲ್ಲ" ಅಂತ ಬಂದರೆ ಮುಚ್ಚಿಡಬೇಡಿ. ಎಎಲ್‌ಎಸ್ ಅನ್ನುವ ನರರೋಗವನ್ನು ಲಿಥಿಯಂ ಅನ್ನುವ ಔಷಧಿ ನಿಧಾನಿಸುತ್ತೆ ಅಂತ 2008ರಲ್ಲಿ ಒಂದು ಸಣ್ಣ ಅಧ್ಯಯನ ಹೇಳಿತ್ತು. ಪೇಷಂಟ್ಸ್‌ಲೈಕ್‌ಮಿ ಅನ್ನುವ ಆನ್‌ಲೈನ್ ರೋಗಿಗಳ ಬಳಗದ ಕೆಲವರು ಅದನ್ನು ತೆಗೆದುಕೊಂಡು ತಮ್ಮ ಸ್ಥಿತಿಯನ್ನು ದಾಖಲಿಸುತ್ತಾ ಹೋದರು. ಅವರಂತೆಯೇ ಕಾಯಿಲೆ ಸಾಗಿದ್ದ, ಲಿಥಿಯಂ ತಗೊಳ್ಳದ ರೋಗಿಗಳ ಜೊತೆ ಹೋಲಿಸಿದಾಗ ಲಾಭ ಕಾಣಲಿಲ್ಲ. 2011ರಲ್ಲಿ ಅದು ಪ್ರಕಟವಾಯಿತು.

ಹಂಚಿಕೊಳ್ಳುವ ಹಾಳೆಯಲ್ಲಿ ಹೆಸರು, ಫೋನ್ ನಂಬರ್ ಬೇಡ. ಒಬ್ಬೊಬ್ಬರಿಗೆ ಒಂದು ಸಂಕೇತ ಸಾಕು. ಡಾಕ್ಟರಿಗೆ ಇಡೀ ನೋಟ್‌ಬುಕ್ ಕೊಡಬೇಡಿ, ಒಂದೇ ಪುಟದ ಗ್ರಾಫ್ ಕೊಡಿ. ಮುಂದೆ ಪ್ರಕಟಿಸುವ ಆಸೆಯಿದ್ದರೆ ಮೊದಲ ದಿನಕ್ಕಿಂತ ಮುಂಚೆಯೇ ಒಬ್ಬ ಸಂಶೋಧಕರನ್ನು ಜೊತೆಗೆ ಸೇರಿಸಿಕೊಳ್ಳಿ. ಅಧ್ಯಯನದಿಂದ ರೋಗಿಗಳಿಗೆ ತೊಂದರೆಯಾಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಶುರುವಿಗೆ ಮೊದಲೇ ಬೇಕಾಗುತ್ತೆ.